ಬಾಲ ಬಿಟ್ಟ ತ್ರಿಕೋನ: ಡೆಲ್ಟಾ ರೆಕ್ಕೆ ಹುಟ್ಟಿ ಬೆಳೆದ ಬಗೆ

ನೋಟ್‌ಬುಕ್ಕಿನ ಹಾಳೆ ಹರಿದು ಮಕ್ಕಳು ಮಡಚುವ ‘ರಾಕೆಟ್’ ಇದೆಯಲ್ಲ, ಒಂದನ್ನು ಮಾಡಿ ಮೇಜಿನ ಮೇಲಿಟ್ಟು ಮೇಲಿಂದ ನೋಡಿ. ಚೂಪಾದ ಮೂತಿ. ಅಲ್ಲಿಂದ ಎರಡೂ ಬದಿಗೆ ಓರೆಯಾಗಿ ಹಿಂದಕ್ಕೆ ಸರಿದ ಅಂಚು. ಹಿಂಭಾಗ ಅಡ್ಡಕ್ಕೆ ಕತ್ತರಿಸಿದಷ್ಟು ನೇರ. ಬೇರೆ ಬಾಲವಿಲ್ಲ. ಎಸೆದಾಗ ಅದು ಮೂತಿ ಕುಕ್ಕಿ ಬಿದ್ದರೆ ಹಿಂದಿನ ಅಂಚನ್ನು ಬೆರಳಿನಿಂದ ತುಸು ಮೇಲಕ್ಕೆ ಬಾಗಿಸಬೇಕು. ಆಗ ನೆಟ್ಟಗೆ ತೇಲುತ್ತದೆ. ಯಾವ ಮೇಷ್ಟರೂ ಹೇಳಿಕೊಡದಿದ್ದರೂ ಈ ಉಪಾಯ ಮೂರನೇ ಕ್ಲಾಸಿನ ಮಕ್ಕಳಿಗೆಲ್ಲ ಗೊತ್ತಿರುತ್ತದೆ. ಶಬ್ದದ ಎರಡು ಪಟ್ಟು ವೇಗದಲ್ಲಿ ಅಟ್ಲಾಂಟಿಕ್ ಸಾಗರ ದಾಟುತ್ತಿದ್ದ ಕಾಂಕಾರ್ಡ್‌ನದೂ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್‌ನದೂ ಮೂಲತಃ ಇದೇ ಆಕಾರ. ಅವು ಮೂತಿ ಎತ್ತುವುದೂ ಹಿಂದಿನ ಅಂಚನ್ನು ಮೇಲಕ್ಕೆ ತಿರುಗಿಸಿಯೇ.

ಈ ತ್ರಿಕೋನಕ್ಕೆ ಡೆಲ್ಟಾ ರೆಕ್ಕೆ ಎನ್ನುತ್ತಾರೆ. ಮಾಮೂಲಿ ಲೆಕ್ಕದಲ್ಲಿ ನೋಡಿದರೆ ಇದು ಒಳ್ಳೆಯ ರೆಕ್ಕೆಯೇ ಅಲ್ಲ. ವಿಮಾನ ನಿಲ್ದಾಣದಲ್ಲಿ ನಾವು ಹತ್ತುವ ಏರ್‌ಬಸ್, ಬೋಯಿಂಗ್‌ಗಳ ರೆಕ್ಕೆ ಉದ್ದಕ್ಕೆ ಚಾಚಿಕೊಂಡಿರುತ್ತದೆ, ಅಗಲ ಕಡಿಮೆ. ಎಂಜಿನ್ ಇಲ್ಲದ ಗ್ಲೈಡರಿನ ರೆಕ್ಕೆಯಂತೂ ಇನ್ನೂ ಉದ್ದ, ಇನ್ನೂ ಸಪೂರ. ರೆಕ್ಕೆ ಉದ್ದವಾದಷ್ಟೂ ಕಡಿಮೆ ಎಳೆತದಲ್ಲಿ ಹೆಚ್ಚು ಭಾರ ಎತ್ತಬಹುದು. ಡೆಲ್ಟಾ ಇದಕ್ಕೆ ತದ್ವಿರುದ್ಧ: ಬದಿಗೆ ಚಾಚಿದ್ದು ಕಡಿಮೆ, ಮುಂದಿನಿಂದ ಹಿಂದಕ್ಕೆ ಹರಡಿದ್ದೇ ಹೆಚ್ಚು. ಹಾಗಿದ್ದರೂ ಕಳೆದ ಶತಮಾನದ ಅತಿ ವೇಗದ ವಿಮಾನಗಳಲ್ಲಿ ಇಷ್ಟೊಂದು ಈ ಆಕಾರವನ್ನೇ ಹಿಡಿದದ್ದು ಏಕೆ? ಉತ್ತರ ಒಂದೇ ಸಲಕ್ಕೆ ಸಿಗಲಿಲ್ಲ. ಮೊದಲು ಬಂದದ್ದು ಆಕಾರ. ಅದಕ್ಕೆ ತಕ್ಕ ಕಾರಣಗಳು ಆಮೇಲೆ, ಒಂದೊಂದಾಗಿ, ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಜನರಿಗೆ ಹೊಳೆದವು. ಅವುಗಳಲ್ಲಿ ಅತಿ ಮುಖ್ಯವಾದದ್ದು ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ.

ಕತೆ ಶುರುವಾಗುವುದು ಜರ್ಮನಿಯಲ್ಲಿ. 1909ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ಟೆಂಪೆಲ್‌ಹೋಫ್ ಬಯಲಿನಲ್ಲಿ ಆರ್ವಿಲ್ ರೈಟ್ ತಮ್ಮ ವಿಮಾನ ಹಾರಿಸಿ ತೋರಿಸಿದರು. ನೋಡಲು ಸೇರಿದ ಜನರ ನಡುವೆ ಅಲೆಕ್ಸಾಂಡರ್ ಲಿಪ್ಪಿಶ್ ಎಂಬ ಹದಿನಾಲ್ಕು ವರ್ಷದ ಹುಡುಗನಿದ್ದ. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದ ಜರ್ಮನಿಯ ವಿಮಾನ ತಯಾರಿಕೆಯ ಕೈ ಕಟ್ಟಿಹಾಕಿದಾಗ ಅಲ್ಲಿನ ಯುವಕರು ಗ್ಲೈಡರಿನತ್ತ ತಿರುಗಿದರು. ರೋನ್ ಬೆಟ್ಟಸಾಲಿನ ವಾಸರ್‌ಕುಪ್ಪೆ ಎಂಬ ಗುಡ್ಡ ಅವರ ಪ್ರಯೋಗಶಾಲೆಯಾಯಿತು. ಲಿಪ್ಪಿಶ್ ಕೂಡ ಅಲ್ಲಿಗೆ ಬಂದರು.

ಆಗ ಅವರ ತಲೆಯಲ್ಲಿ ಶಬ್ದದ ವೇಗದ ಯೋಚನೆ ಇರಲಿಲ್ಲ. ಇದ್ದದ್ದು ಬಾಲದ ಯೋಚನೆ. ವಿಮಾನದ ಬಾಲ, ಅದನ್ನು ಹೊರುವ ಉದ್ದನೆಯ ಒಡಲು ಎರಡೂ ಗಾಳಿಯಲ್ಲಿ ಎಳೆತ ಹುಟ್ಟಿಸುತ್ತವೆ, ಆದರೆ ಭಾರ ಎತ್ತಲು ನೆರವಾಗುವುದು ಅತ್ಯಲ್ಪ. ಅವನ್ನು ತೆಗೆದುಹಾಕಿದರೆ? ಬಾಲ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು. ರೆಕ್ಕೆಯನ್ನು ಹಿಂದಕ್ಕೆ ಬಾಗಿಸಿದರೆ ಅದರ ತುದಿಗಳು ವಿಮಾನದ ತೂಕದ ಕೇಂದ್ರಕ್ಕಿಂತ ಸಾಕಷ್ಟು ಹಿಂದಕ್ಕೆ ಹೋಗಿ ಬಾಲದ ಬದಲಿಗೆ ನಿಲ್ಲುತ್ತವೆ. 1920ರ ದಶಕದ ಕೊನೆಯಲ್ಲಿ ಲಿಪ್ಪಿಶ್ ಕಟ್ಟಿದ ‘ಸ್ಟಾರ್ಕ್’ ಸರಣಿಯ ಬಾಲರಹಿತ ಗ್ಲೈಡರುಗಳು ಹೀಗಿದ್ದವು. ಮುಂದಿನ ಹೆಜ್ಜೆ ಸಹಜವಾಗಿಯೇ ಬಂತು. ಹಿಂದಕ್ಕೆ ಬಾಗಿದ ಎರಡು ರೆಕ್ಕೆಗಳ ನಡುವಿನ ಖಾಲಿ ಜಾಗವನ್ನು ತುಂಬಿಬಿಟ್ಟರೆ ತ್ರಿಕೋನವಾಗುತ್ತದೆ. ರೆಕ್ಕೆಯ ಬುಡ ದಪ್ಪಗಾಗಿ ಗಟ್ಟಿಯಾಗುತ್ತದೆ. ಪೈಲಟ್, ಎಂಜಿನ್ ಎರಡನ್ನೂ ಅದರೊಳಗೇ ಅಡಗಿಸಬಹುದು. ಹಾಗೆ ಹುಟ್ಟಿದ್ದು ‘ಡೆಲ್ಟಾ 1’. 1931ರಲ್ಲಿ 30 ಅಶ್ವಶಕ್ತಿಯ ಪುಟ್ಟ ಎಂಜಿನ್ ಕೂರಿಸಿದ ಅದನ್ನು ಗುಂಟರ್ ಗ್ರೋನ್‌ಹಾಫ್ ಎಂಬ ಪೈಲಟ್ ಟೆಂಪೆಲ್‌ಹೋಫ್‌ನಲ್ಲೇ ಹಾರಿಸಿ ತೋರಿಸಿದರು. ಅಂದರೆ, ಮುಂದೆ ಶಬ್ದಾತೀತ ವೇಗದ ಗುರುತೇ ಆಗಲಿದ್ದ ರೆಕ್ಕೆ ಮೊದಲು ಹಾರಿದ್ದು ಇಂದಿನ ಕಾರಿನ ವೇಗದಲ್ಲಿ.

ವೇಗದ ಕಾರಣ ಸಿಕ್ಕಿದ್ದು ಸಾಗರದ ಆಚೆ ಇನ್ನೊಬ್ಬರಿಗೆ. ಅಮೆರಿಕದ ಮಿಸೌರಿಯಲ್ಲಿ ಹುಟ್ಟಿದ ರಾಬರ್ಟ್ ಟಿ. ಜೋನ್ಸ್ ಕಾಲೇಜನ್ನು ಒಂದೇ ವರ್ಷಕ್ಕೆ ಬಿಟ್ಟವರು. ವಾಷಿಂಗ್ಟನ್‌ನಲ್ಲಿ ಸಂಸದರ ಕಚೇರಿಗಳಿದ್ದ ಕಟ್ಟಡದ ಲಿಫ್ಟ್ ನಡೆಸುವ ಕೆಲಸ ಮಾಡಿಕೊಂಡು ಗಣಿತವನ್ನು ತಾವೇ ಕಲಿತರು. 1934ರಲ್ಲಿ ವರ್ಜೀನಿಯದ ಲ್ಯಾಂಗ್ಲಿ ಪ್ರಯೋಗಾಲಯ ಸೇರಿದ ಅವರ ಮುಂದೆ, ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, ಬಾಣದ ಆಕಾರದ ಒಂದು ಗ್ಲೈಡ್ ಬಾಂಬಿನ ವಿನ್ಯಾಸ ಬಂತು. ಅದು ಎಷ್ಟು ಭಾರ ಎತ್ತಬಲ್ಲದು ಎಂದು ಲೆಕ್ಕ ಹಾಕಬೇಕಿತ್ತು. ಉದ್ದ ರೆಕ್ಕೆಗಳ ಸೂತ್ರ ಇಲ್ಲಿ ನಡೆಯುವುದಿಲ್ಲ. ಜೋನ್ಸ್, ಮ್ಯಾಕ್ಸ್ ಮಂಕ್ 1924ರಲ್ಲಿ ವಾಯುನೌಕೆಗಳಿಗಾಗಿ ರೂಪಿಸಿದ್ದ ಗಣಿತವನ್ನು ತೆಗೆದು ಈ ಸಪೂರ ತ್ರಿಕೋನಕ್ಕೆ ಹೊಂದಿಸಿದರು. ಉತ್ತರ ಬಂದಾಗ ಒಂದು ವಿಚಿತ್ರ ಕಂಡಿತು: ಸೂತ್ರದಲ್ಲಿ ಶಬ್ದದ ವೇಗದ ಸುಳಿವೇ ಇರಲಿಲ್ಲ. ಶಬ್ದಕ್ಕಿಂತ ನಿಧಾನವಾಗಿ ಹೋದರೂ ಜೋರಾಗಿ ಹೋದರೂ ಚೂಪು ತ್ರಿಕೋನದ ವರ್ತನೆ ಹೆಚ್ಚು ಬದಲಾಗದು ಎಂದು ಅದು ಹೇಳುತ್ತಿತ್ತು.

ಇದರ ಅರ್ಥವನ್ನು ಹೀಗೆ ಬಿಡಿಸಿಕೊಳ್ಳಬಹುದು. ವಿಮಾನ ಶಬ್ದಕ್ಕಿಂತ ವೇಗವಾಗಿ ಹೋಗುವಾಗ ಅದರ ಮೂತಿ ಎಬ್ಬಿಸುವ ಒತ್ತಡದ ಅಲೆಗಳಿಗೆ ಮುಂದಕ್ಕೆ ಓಡಲು ಸಾಧ್ಯವಾಗುವುದಿಲ್ಲ. ಅವು ಮೂತಿಯಿಂದ ಹಿಂದಕ್ಕೆ ಹರಡುವ ಒಂದು ಶಂಕುವಿನೊಳಗೆ ಉಳಿಯುತ್ತವೆ. ವೇಗ ಹೆಚ್ಚಾದಷ್ಟೂ ಶಂಕು ಸಪೂರ. ಶಬ್ದದ ಎರಡು ಪಟ್ಟು ವೇಗದಲ್ಲಿ, ಅಂದರೆ ಮ್ಯಾಕ್ 2ರಲ್ಲಿ, ಶಂಕುವಿನ ಅಂಚು ವಿಮಾನದ ನಡುಗೆರೆಗೆ 30 ಡಿಗ್ರಿ ಕೋನದಲ್ಲಿರುತ್ತದೆ. ರೆಕ್ಕೆಯ ಮುಂದಿನ ಅಂಚು 60 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಬಾಗಿದ್ದರೆ ಇಡೀ ರೆಕ್ಕೆ ಶಂಕುವಿನ ಒಳಗೆ ಉಳಿಯುತ್ತದೆ. ಆಗ ಅಂಚಿಗೆ ನೇರವಾಗಿ ಎದುರಾಗುವ ಗಾಳಿಯ ಪಾಲು ಶಬ್ದದ ವೇಗಕ್ಕಿಂತ ಕಡಿಮೆ. ಆಘಾತದ ಅಲೆಯಿಂದ ಬರುವ ಭಾರೀ ಎಳೆತ ಬಹುಮಟ್ಟಿಗೆ ತಪ್ಪುತ್ತದೆ. ರೆಕ್ಕೆಯನ್ನು ಹಿಂದಕ್ಕೆ ಬಾಗಿಸುವ ವಿಚಾರವನ್ನು ಜರ್ಮನಿಯ ಅಡಾಲ್ಫ್ ಬುಸೆಮಾನ್ 1935ರಲ್ಲೇ ರೋಮ್ ಸಮ್ಮೇಳನದಲ್ಲಿ ಮಂಡಿಸಿದ್ದರು. ಜೋನ್ಸ್ ತಾವಾಗಿಯೇ ಅಲ್ಲಿಗೆ ತಲುಪಿದ್ದರು. ಲ್ಯಾಂಗ್ಲಿಯ ಹಿರಿಯ ಸಿದ್ಧಾಂತಿ ಥಿಯೊಡೋರ್ ಥಿಯೊಡೋರ್ಸನ್ ಒಪ್ಪದ ಕಾರಣ ಅವರ ವರದಿ ಕೆಲಕಾಲ ತಡೆದು ನಿಂತಿತು. ಯುದ್ಧ ಮುಗಿದು ಜರ್ಮನ್ ಕಡತಗಳು ಕೈಗೆ ಸಿಕ್ಕಾಗ ಜೋನ್ಸ್ ಹೇಳಿದ್ದು ಸರಿಯೆಂದು ಎಲ್ಲರಿಗೂ ಮನವರಿಕೆಯಾಯಿತು.

ತ್ರಿಕೋನ ಇನ್ನೊಂದು ಅನುಕೂಲವನ್ನೂ ತಂದಿತು. ವೇಗಕ್ಕೆ ರೆಕ್ಕೆ ತೆಳ್ಳಗಿರಬೇಕು. ಆದರೆ ತೆಳುವಿನ ಲೆಕ್ಕ ಇರುವುದು ಅಗಲಕ್ಕೆ ಹೋಲಿಸಿದಾಗ. ಕಾಂಕಾರ್ಡ್‌ನ ರೆಕ್ಕೆಯ ಬುಡ ಮುಂದಿನಿಂದ ಹಿಂದಕ್ಕೆ ಸುಮಾರು 27 ಮೀಟರ್; ದಪ್ಪ ಅದರ ಶೇ 3ರಷ್ಟು. ಶೇಕಡಾವಾರಿನಲ್ಲಿ ಅತಿ ತೆಳು, ಆದರೂ ಅಳತೆಪಟ್ಟಿ ಹಿಡಿದರೆ ಸುಮಾರು 80 ಸೆಂಟಿಮೀಟರ್! ಇಂಧನ ತುಂಬಲು, ಚಕ್ರ ಮಡಚಿಡಲು ಇಷ್ಟು ಜಾಗ ಸಿಗುತ್ತದೆ. ಮೇಲಾಗಿ ಇಷ್ಟು ಅಗಲದ ಬುಡ ಇರುವ ರೆಕ್ಕೆ ಸುಲಭಕ್ಕೆ ತಿರುಚುವುದಿಲ್ಲ.

ಈ ಇಡೀ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಘಟ್ಟ ಇನ್ನು ಮುಂದಿನದು. ಯುದ್ಧದ ಕೊನೆಯ ವರ್ಷಗಳಲ್ಲಿ ಲಿಪ್ಪಿಶ್ ವಿಯೆನ್ನಾದಲ್ಲಿದ್ದರು. ಪೆಟ್ರೋಲಿಗೆ ತತ್ವಾರ ಬಂದಿದ್ದ ಕಾಲ. ಕಲ್ಲಿದ್ದಲು ಉರಿಸಿ ಶಬ್ದಾತೀತ ವೇಗದಲ್ಲಿ ಹಾರುವ ತ್ರಿಕೋನ ವಿಮಾನವೊಂದನ್ನು ಅವರು ಕಾಗದದ ಮೇಲೆ ರೂಪಿಸಿದರು. ಹಾರುವುದೇನೋ ಸರಿ, ಅಂಥದ್ದು ನಿಧಾನ ವೇಗದಲ್ಲಿ ಇಳಿಯಬಲ್ಲದೇ? ಪರೀಕ್ಷಿಸಲು ಮರದ ಗ್ಲೈಡರ್ ಒಂದನ್ನು ಕಟ್ಟುವ ಹೊಣೆ ಡಾರ್ಮ್‌ಸ್ಟಾಟ್ ಮತ್ತು ಮ್ಯೂನಿಕ್‌ನ ವಿದ್ಯಾರ್ಥಿಗಳ ಹೆಗಲಿಗೆ ಬಿತ್ತು. ಎರಡೂ ಊರಿನ ಮೊದಲಕ್ಷರ ಸೇರಿಸಿ ಅದಕ್ಕೆ ‘ಡಿಎಂ-1’ ಎಂದು ಹೆಸರಾಯಿತು. 1944ರ ಸೆಪ್ಟೆಂಬರಿನಲ್ಲಿ ಡಾರ್ಮ್‌ಸ್ಟಾಟ್ ಬಾಂಬ್ ದಾಳಿಗೆ ಸಿಕ್ಕಿತು. ಕೆಲಸ ಬವೇರಿಯದ ಕೀಮ್ ಸರೋವರದ ದಂಡೆಯ ಪ್ರೀನ್‌ಗೆ ಸಾಗಿತು. 1945ರಲ್ಲಿ ಅಮೆರಿಕನ್ ಸೈನ್ಯ ಅಲ್ಲಿಗೆ ಬಂದಾಗ ಗ್ಲೈಡರ್ ಇನ್ನೂ ಅರೆಬರೆ. ಪೂರ್ತಿ ಮಾಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ, ಮುಗಿದ ಮೇಲೆ ಅಮೆರಿಕನ್ನರು ಅದನ್ನು ಹಡಗಿನಲ್ಲಿ ಲ್ಯಾಂಗ್ಲಿಗೆ ಸಾಗಿಸಿದರು. ಅದು ಆಕಾಶ ಕಾಣಲೇ ಇಲ್ಲ. 1946ರಲ್ಲಿ ಅದನ್ನು ಇಡಿಯಾಗಿಯೇ ಅಲ್ಲಿನ ಬೃಹತ್ ವಿಂಡ್ ಟನಲ್ಲಿನಲ್ಲಿ ಕೂರಿಸಿ ಗಾಳಿ ಬಿಟ್ಟರು.

ಫಲಿತಾಂಶ ನಿರಾಶೆ ತಂದಿತು. ಇದೇ ಆಕಾರದ ಪುಟ್ಟ ಮಾದರಿಗಳು ಒಳ್ಳೆಯ ಎತ್ತುವ ಬಲ ತೋರಿಸಿದ್ದವು. ಪೂರ್ಣ ಗಾತ್ರದ ವಿಮಾನ ಅದಕ್ಕಿಂತ ಎಷ್ಟೋ ಕಡಿಮೆ ತೋರಿಸಿತು. ಸಾಮಾನ್ಯವಾಗಿ ಆಗುವುದು ಇದರ ಉಲ್ಟಾ. ಗಾತ್ರ ದೊಡ್ಡದಾದರೆ ರೆಕ್ಕೆ ಇನ್ನೂ ಚೆನ್ನಾಗಿ ಕೆಲಸ ಮಾಡಬೇಕು. ಅಲ್ಲಿನ ಸಂಶೋಧಕರು ಮಾದರಿಗೂ ನಿಜ ವಿಮಾನಕ್ಕೂ ಇರುವ ವ್ಯತ್ಯಾಸ ಹುಡುಕುತ್ತ ಹೋದರು. ಗ್ಲೈಡರಿನ ಮುಂದಿನ ಅಂಚು ದುಂಡಗಿತ್ತು. ಅದರ ಮೇಲೆ ಗಾಳಿ ಅಂಟಿಕೊಂಡೇ ಹರಿಯುತ್ತಿತ್ತು. ಪುಟ್ಟ ಮಾದರಿಯಲ್ಲಿ ಮಾತ್ರ ಗಾಳಿ ಅಂಚಿನಲ್ಲೇ ಕಳಚಿಕೊಳ್ಳುತ್ತಿತ್ತು. ಹಾಗಾದರೆ ದೊಡ್ಡದರಲ್ಲೂ ಗಾಳಿಯನ್ನು ಬೇಕೆಂದೇ ಕಳಚಿಸಿದರೆ? ಅಂಚಿನ ಒಂದು ಭಾಗಕ್ಕೆ ಚೂಪಾದ ಪಟ್ಟಿ ಜೋಡಿಸಿ ಮತ್ತೆ ಗಾಳಿ ಬಿಟ್ಟರು. ಎತ್ತುವ ಬಲ ಜಿಗಿಯಿತು.

ವಿಮಾನ ಶಾಸ್ತ್ರ ಓದಿದವರಿಗೆ ಇದು ಎಂಥ ತಿರುವು ಎಂದು ತಿಳಿಯುತ್ತದೆ. ರೈಟ್ ಸೋದರರ ಕಾಲದಿಂದ ಎಲ್ಲ ವಿನ್ಯಾಸಕಾರರೂ ಹೆದರಿದ್ದು ಇದೊಂದಕ್ಕೇ: ರೆಕ್ಕೆಯಿಂದ ಗಾಳಿ ಕಳಚಿಕೊಳ್ಳುವುದು. ಮಾಮೂಲಿ ರೆಕ್ಕೆಯ ಮೂತಿಯನ್ನು ಮೇಲಕ್ಕೆತ್ತುತ್ತ ಹೋದಂತೆ ಎತ್ತುವ ಬಲ ಹೆಚ್ಚುತ್ತದೆ, ಸುಮಾರು 15 ಡಿಗ್ರಿಯ ತನಕ. ಅದರಾಚೆ ಬೆನ್ನಿನ ಮೇಲೆ ಹರಿಯುವ ಗಾಳಿಗೆ ತಿರುವು ಹಿಡಿಯಲಾಗದೆ ಕಳಚಿ ಚೆಲ್ಲಾಪಿಲ್ಲಿಯಾಗುತ್ತದೆ. ಎತ್ತುವ ಬಲ ಕುಸಿದು ವಿಮಾನ ಕೆಳಗಿಳಿಯುತ್ತದೆ. ಇದೇ ಸ್ಟಾಲ್. ಇದರಿಂದ ಸತ್ತ ಪೈಲಟ್‌ಗಳಿಗೆ ಲೆಕ್ಕವಿಲ್ಲ. ಅಂಥ ಶತ್ರುವನ್ನು ಲ್ಯಾಂಗ್ಲಿಯಲ್ಲಿ ಒಂದು ಚೂಪು ಪಟ್ಟಿ ಹೆಗಲು ಕೊಡುವ ಗೆಳೆಯನನ್ನಾಗಿ ಮಾಡಿತು.

ಹೇಗೆಂದು ನಿಧಾನವಾಗಿ ನೋಡೋಣ. ಮೂತಿ ಎತ್ತಿದ ಡೆಲ್ಟಾದ ಕೆಳಗೆ ಒತ್ತಡ ಹೆಚ್ಚು, ಮೇಲೆ ಕಡಿಮೆ. ಕೆಳಗಿನ ಗಾಳಿ ಓರೆ ಅಂಚನ್ನು ಬಳಸಿ ಮೇಲಕ್ಕೆ ನುಗ್ಗುತ್ತದೆ. ಅಂಚು ಚೂಪಾಗಿರುವುದರಿಂದ ಅಲ್ಲಿ ಮೈ ತಿರುಗಿಸಿ ಅಂಟಿಕೊಳ್ಳಲು ಅದಕ್ಕಾಗುವುದಿಲ್ಲ. ಕಳಚಿ, ಸುರುಳಿ ಸುತ್ತಿಕೊಳ್ಳುತ್ತದೆ. ಆದರೆ ಅಂಚು ಹಿಂದಕ್ಕೆ ಬಾಗಿರುವುದರಿಂದ ಈ ಸುರುಳಿ ಇದ್ದಲ್ಲೇ ನಿಂತು ಕೆಡುವುದಿಲ್ಲ. ಅಂಚಿನ ಉದ್ದಕ್ಕೂ ಹಿಂದಕ್ಕೆ ಹರಿಯುತ್ತ, ದಾರಿಯುದ್ದಕ್ಕೂ ಹೊಸ ಗಾಳಿಯನ್ನು ಸೇರಿಸಿಕೊಳ್ಳುತ್ತ, ರೆಕ್ಕೆಯ ಬೆನ್ನ ಮೇಲೆ ದಪ್ಪಗಾಗುತ್ತ ಸಾಗುವ ಒಂದು ಸುಳಿಯಾಗುತ್ತದೆ. ಎಡಗಡೆ ಒಂದು, ಬಲಗಡೆ ಒಂದು. ಹೊಳೆಯ ಸುಳಿಯ ನಡುವೆ ನೀರು ತಗ್ಗುವಂತೆ ಈ ಸುಳಿಯ ನಡುವೆ ಒತ್ತಡ ತೀರಾ ತಗ್ಗಿರುತ್ತದೆ. ಅದು ಕೆಳಗಿನ ರೆಕ್ಕೆಯನ್ನು ಮೇಲಕ್ಕೆ ಹೀರುತ್ತದೆ. ಮೂತಿಯನ್ನು ಇನ್ನೂ ಎತ್ತಿದರೆ ಸುಳಿ ಇನ್ನೂ ಬಲವಾಗುತ್ತದೆ. 15 ಡಿಗ್ರಿ ದಾಟಿದರೂ ಪರವಾಗಿಲ್ಲ. ಚೆನ್ನಾಗಿ ಬಾಗಿದ ಡೆಲ್ಟಾ ಅದರ ಇಮ್ಮಡಿ ಕೋನದಲ್ಲೂ ಸ್ಟಾಲ್ ಆಗದೆ ಭಾರ ಎತ್ತುತ್ತದೆ. ಗಾಳಿಯಲ್ಲಿ ತೇವ ಇದ್ದ ದಿನ ಸುಳಿಯೊಳಗಿನ ತಂಪಿಗೆ ಆವಿ ಹನಿಗಟ್ಟಿ, ರೆಕ್ಕೆಯ ಬೆನ್ನಿನ ಮೇಲೆ ಎರಡು ಬಿಳಿ ಗೆರೆಗಳು ಬರಿಗಣ್ಣಿಗೇ ಕಾಣಿಸುತ್ತವೆ. ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ತೇಜಸ್ ಅಥವಾ ರಫೇಲ್ ಬಿಗಿಯಾಗಿ ತಿರುಗುವಾಗ ರೆಕ್ಕೆಯ ಬೆನ್ನನ್ನು ಗಮನಿಸಿ. ಕಾಣಿಸದ ದಿನವೂ ಸುಳಿ ಅಲ್ಲಿದ್ದೇ ಇರುತ್ತದೆ.

ಇದಕ್ಕೂ ಒಂದು ಮಿತಿ ಉಂಟು. ಕೋನ ಅತಿಯಾದರೆ ಸುಳಿಯ ತಿರುಳು ಇದ್ದಕ್ಕಿದ್ದಂತೆ ಉಬ್ಬಿ ಒಡೆಯುತ್ತದೆ. ಬ್ರಿಟನ್ನಿನ ಪೆಕ್‌ಹ್ಯಾಮ್ ಮತ್ತು ಅಟ್ಕಿನ್ಸನ್ ಇದನ್ನು 1957ರಲ್ಲಿ ವರದಿ ಮಾಡಿದರು. ಎರಡು ಸುಳಿಗಳಲ್ಲಿ ಒಂದು ಮೊದಲು ಒಡೆದರೆ ವಿಮಾನ ಒಂದು ಕಡೆಗೆ ವಾಲುತ್ತದೆ; ಹಾಗಾಗಿ ಇಂದಿಗೂ ಯುದ್ಧವಿಮಾನದ ವಿನ್ಯಾಸಕಾರರು ತಲೆ ಕೆಡಿಸಿಕೊಳ್ಳುವ ವಿಷಯ ಇದು.

ಲ್ಯಾಂಗ್ಲಿಯ ಆ ಪರೀಕ್ಷೆಯ ನಂತರದ ಹತ್ತು ವರ್ಷ ತ್ರಿಕೋನಗಳ ಸುಗ್ಗಿ. ಅಮೆರಿಕದ ಕಾನ್‌ವೇರ್ ಕಂಪನಿಯ ಎಕ್ಸ್‌ಎಫ್-92ಎ 1948ರಲ್ಲಿ ಹಾರಿತು, ಜೆಟ್ ಎಂಜಿನ್ ಹೊತ್ತ ಮೊದಲ ಡೆಲ್ಟಾ ಅದು. 1952ರಲ್ಲಿ ಬ್ರಿಟನ್ನಿನ ದೈತ್ಯ ಬಾಂಬರ್ ವಲ್ಕನ್. 1955ರಲ್ಲಿ ಸ್ವೀಡನ್ನಿನ ಡ್ರಾಕೆನ್, ಒಂದರೊಳಗೊಂದು ಎರಡು ತ್ರಿಕೋನ ಸೇರಿಸಿದಂತಿದ್ದದ್ದು. 1956ರ ಮಾರ್ಚ್ 10ರಂದು ಪೀಟರ್ ಟ್ವಿಸ್ ಹಾರಿಸಿದ ಫೇರಿ ಡೆಲ್ಟಾ 2 ಗಂಟೆಗೆ 1,822 ಕಿ.ಮೀ. ವೇಗ ಮುಟ್ಟಿ ದಾಖಲೆ ಮಾಡಿತು. ಅದೇ ವರ್ಷ ಫ್ರಾನ್ಸಿನ ಮಿರಾಜ್ 3. ಸೋವಿಯತ್ತರು ತ್ರಿಕೋನ ಇಟ್ಟುಕೊಂಡರು, ಬಾಲವನ್ನೂ ಬಿಡಲಿಲ್ಲ. ಆ ಮಿಗ್-21 ನಮ್ಮ ವಾಯುಪಡೆಗೆ 1963ರಲ್ಲಿ ಬಂದು 2025ರ ಸೆಪ್ಟೆಂಬರಿನಲ್ಲಿ ನಿವೃತ್ತಿಯಾಯಿತು.

ಹಾರಿಸಿದವರಿಗೆ ಡೆಲ್ಟಾದ ಕಷ್ಟಗಳೂ ಬೇಗ ಗೊತ್ತಾದವು. ಸುಳಿಯ ಬಲ ಬೇಕೆಂದರೆ ಮೂತಿಯನ್ನು ಬಹಳ ಎತ್ತಬೇಕು. ಇಳಿಯುವಾಗ ಪೈಲಟ್‌ಗೆ ಎದುರಿಗೆ ಕಾಣುವುದು ತನ್ನದೇ ವಿಮಾನದ ಮೂತಿ, ರನ್‌ವೇ ಅದರ ಹಿಂದೆ ಮರೆ. ಸುಳಿ ಹುಟ್ಟಿಸಲು ತಗಲುವ ಶಕ್ತಿ ಎಳೆತವಾಗಿ ಕಾಡುತ್ತದೆ. ಒಂದು ಹಂತದ ಕೆಳಗೆ ವೇಗ ಇಳಿಸಿದಷ್ಟೂ ಎಂಜಿನ್ನಿಗೆ ಕೆಲಸ ಹೆಚ್ಚು. ಮಾಮೂಲಿ ವಿಮಾನ ಇಳಿಯುವಾಗ ಹಿಂದಿನ ಅಂಚಿನಿಂದ ಫ್ಲ್ಯಾಪ್‌ಗಳನ್ನು ಕೆಳಕ್ಕೆ ಇಳಿಸಿ ಎತ್ತುವ ಬಲ ಹೆಚ್ಚಿಸಿಕೊಳ್ಳುತ್ತದೆ. ಬಾಲವಿಲ್ಲದ ಡೆಲ್ಟಾದಲ್ಲಿ ಹಾಗೆ ಮಾಡಿದರೆ ಮೂತಿ ಕೆಳಕ್ಕೆ ಕುಕ್ಕುತ್ತದೆ, ಅದನ್ನು ತಡೆಯುವ ಬಾಲ ಇಲ್ಲ. ಹೀಗಾಗಿ ಜೋರಾಗಿಯೇ ಇಳಿಯಬೇಕು. ನೆಲ ಮುಟ್ಟಿದ ಕೂಡಲೇ ಹಿಂದಿನಿಂದ ಪ್ಯಾರಾಚೂಟ್ ಬಿಚ್ಚುವುದು ಅನೇಕ ಡೆಲ್ಟಾ ಯುದ್ಧವಿಮಾನಗಳ ವಾಡಿಕೆಯಾದದ್ದು ಇದರಿಂದಲೇ.

ಯುದ್ಧವಿಮಾನಕ್ಕೆ ಇವೆಲ್ಲ ಸಹ್ಯ. ನೂರು ಜನ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವ ವಿಮಾನಕ್ಕೆ? 1956ರಲ್ಲಿ ಬ್ರಿಟನ್ ಶಬ್ದಾತೀತ ಪ್ರಯಾಣಿಕ ವಿಮಾನಕ್ಕೆಂದು ಒಂದು ಸಮಿತಿ ರಚಿಸಿದಾಗ ಎದುರಾದ ಪ್ರಶ್ನೆ ಇದು. ದಾರಿ ತೋರಿಸಿದ್ದು ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಇಬ್ಬರು ಜರ್ಮನ್ನರು: ಡೀಟ್ರಿಶ್ ಕ್ಯೂಶೆಮಾನ್ ಮತ್ತು ಯೊಹಾನ್ನಾ ವೆಬರ್. ಇಬ್ಬರೂ ಗಾಟಿಂಗೆನ್‌ನಲ್ಲಿ ಜೊತೆಗೆ ಕೆಲಸ ಮಾಡಿದವರು, ಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಬಂದವರು. ವೆಬರ್ ಅವರ ಬದುಕು ಬೇರೆಯೇ ಒಂದು ಲೇಖನಕ್ಕೆ ಅರ್ಹವಾದದ್ದು. ಗಣಿತ ಟೀಚರ್ ಆಗಬೇಕೆಂದಿದ್ದ ಆಕೆಗೆ ನಾಜಿ ಪಕ್ಷದ ಸದಸ್ಯೆಯಲ್ಲದ ಕಾರಣ ಶಾಲೆಯಲ್ಲಿ ಕೆಲಸ ಸಿಗಲಿಲ್ಲ. ಆ ಬಾಗಿಲು ಮುಚ್ಚಿದ್ದರಿಂದಲೇ ಸಂಶೋಧನೆಯ ಕಡೆಗೆ ಬಂದರು. ಕಂಪ್ಯೂಟರ್ ಇನ್ನೂ ಕೈಗೆಟುಕದ ದಿನಗಳಲ್ಲಿ ರೆಕ್ಕೆಯ ಮೇಲಿನ ಒತ್ತಡವನ್ನು ಲೆಕ್ಕ ಹಾಕುವ ವಿಧಾನಗಳನ್ನು ಕಟ್ಟಿದರು. ಕಾಂಕಾರ್ಡ್ ಎಂದಾಗ ಪೈಲಟ್‌ಗಳ, ಮಂತ್ರಿಗಳ ಹೆಸರು ಬರುತ್ತದೆ. ನನ್ನ ಲೆಕ್ಕದಲ್ಲಿ ಮೊದಲು ಬರಬೇಕಾದದ್ದು ಈ ಇಬ್ಬರ ಹೆಸರು.

ಅವರ ವಾದ ಹೀಗಿತ್ತು. ವೇಗಕ್ಕೊಂದು, ಇಳಿಯುವುದಕ್ಕೊಂದು ಎಂದು ರೆಕ್ಕೆ ಎರಡು ರೂಪ ತಾಳುವುದು ಬೇಡ. ಸಪೂರ ಡೆಲ್ಟಾದಲ್ಲಿ ಗಾಳಿ ಅಂಚಿನಿಂದ ಕಳಚಿಕೊಳ್ಳುವುದನ್ನು ಒಪ್ಪಿಕೊಂಡುಬಿಡೋಣ. ಆ ಸುಳಿಯೇ ಇಳಿಯುವಾಗ ಫ್ಲ್ಯಾಪಿನ ಕೆಲಸ ಮಾಡಲಿ. ಸುಳಿ ಎಲ್ಲ ವೇಗದಲ್ಲೂ ಹದವಾಗಿ, ಎರಡು ಬದಿಗೂ ಸಮನಾಗಿ ಹುಟ್ಟುವಂತೆ ಅಂಚನ್ನು ಬಾಗಿಸಿ ತಿರುಚಿ ರೂಪಿಸುವುದಷ್ಟೇ ನಮ್ಮ ಕೆಲಸ. ಅದೇ ಕೇಂದ್ರದ ಎರಿಕ್ ಮಾಸ್ಕೆಲ್ ಕಳಚಿದ ಗಾಳಿಯ ಹರಿವನ್ನು ಅಭ್ಯಾಸ ಮಾಡಿದ್ದರು. ಅದು ಈ ವಾದಕ್ಕೆ ಬಲ ಕೊಟ್ಟಿತು. ಅಮೆರಿಕದ ಬೋಯಿಂಗ್ ಇದೇ ಕಾಲಕ್ಕೆ ಆರಿಸಿಕೊಂಡದ್ದು ಇನ್ನೊಂದು ದಾರಿ, ಹಾರುತ್ತಲೇ ಹಿಂದೆ ಮುಂದೆ ಸರಿಯುವ ರೆಕ್ಕೆ. ಅದರ ತಿರುಗಣೆಯ ತೂಕವನ್ನು ತಾಳಲಾರದೆ ಆ ವಿನ್ಯಾಸವನ್ನು ಕೈಬಿಟ್ಟರು. 1971ರಲ್ಲಿ ಇಡೀ ಯೋಜನೆಯೇ ನಿಂತಿತು.

ಸಪೂರ ಡೆಲ್ಟಾ ನಿಧಾನ ವೇಗದಲ್ಲಿ ಹೊಯ್ದಾಡಿ ಮಗುಚಬಹುದು ಎಂಬ ಅಂಜಿಕೆ ಇತ್ತು. ಪರೀಕ್ಷೆಗೆಂದೇ ಹ್ಯಾಂಡ್ಲಿ ಪೇಜ್ ಕಂಪನಿ ಎಚ್‌ಪಿ 115 ಎಂಬ ಚಿಕ್ಕ ವಿಮಾನ ಕಟ್ಟಿತು. ಮಡಚದ ಚಕ್ರ, ಬೆನ್ನ ಮೇಲೊಂದು ಪುಟ್ಟ ಜೆಟ್, ತೀರಾ ಹಿಂದಕ್ಕೆ ಬಾಗಿದ ರೆಕ್ಕೆ. 1961ರ ಆಗಸ್ಟಿನಲ್ಲಿ ಮೊದಲ ಸಲ ಹಾರಿದ ಅದು ಗಂಟೆಗೆ ಸುಮಾರು 110 ಕಿ.ಮೀ. ವೇಗದಲ್ಲೂ ಹತೋಟಿಯಲ್ಲಿ ಉಳಿಯಿತು. ಹೊಯ್ದಾಟ ಇದ್ದದ್ದು ನಿಜ, ಪೈಲಟ್ ಅದನ್ನು ಸಲೀಸಾಗಿ ನಿಲ್ಲಿಸಬಲ್ಲವರಾಗಿದ್ದರು. ದಾಖಲೆ ಮಾಡಿದ್ದ ಫೇರಿ ಡೆಲ್ಟಾಕ್ಕೆ ಕಾಂಕಾರ್ಡ್ ಮಾದರಿಯ ಬಳುಕು ಅಂಚಿನ ರೆಕ್ಕೆ ಜೋಡಿಸಿ ವೇಗದ ಪರೀಕ್ಷೆಯನ್ನೂ ಮುಗಿಸಿದರು. ಈ ಎರಡು ಪರೀಕ್ಷಾ ವಿಮಾನಗಳೂ ಬ್ರಿಟನ್ನಿನ ಮೊದಲ ಕಾಂಕಾರ್ಡೂ ಯೋವಿಲ್ಟನ್ ಊರಿನ ವಸ್ತುಸಂಗ್ರಹಾಲಯದಲ್ಲಿ ಒಟ್ಟಿಗೆ ನಿಂತಿವೆ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದಾದ ಜಾಗ.

1969ರ ಮಾರ್ಚ್ 2ರಂದು ಫ್ರಾನ್ಸಿನ ಟುಲೂಸ್‌ನಿಂದ ಕಾಂಕಾರ್ಡ್ ಮೇಲೇರಿತು. ಇಳಿಯುವಾಗ ಎದುರು ಕಾಣದ ತೊಂದರೆಗೆ ಕಂಡುಕೊಂಡ ಪರಿಹಾರ ಲೋಕಪ್ರಸಿದ್ಧ: ಮೂತಿಯನ್ನೇ 12.5 ಡಿಗ್ರಿ ಕೆಳಕ್ಕೆ ಬಾಗಿಸುವ ವ್ಯವಸ್ಥೆ. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಪರಿಹಾರ ಅದರ ಇಂಧನ ಟ್ಯಾಂಕುಗಳಲ್ಲಿತ್ತು. ಶಬ್ದದ ವೇಗ ದಾಟುವಾಗ ರೆಕ್ಕೆಯ ಎತ್ತುವ ಬಲದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಮೂತಿ ಭಾರವಾಗುತ್ತದೆ. ಕಾಗದದ ರಾಕೆಟ್ಟಿನಲ್ಲಾದರೆ ಹಿಂದಿನ ಅಂಚನ್ನು ಮೇಲಕ್ಕೆ ಬಾಗಿಸಿದರಾಯಿತು. ಆದರೆ ಮೇಲಕ್ಕೆ ಬಾಗಿದ ಅಂಚು ವಿಮಾನವನ್ನು ಹಿಂದಿನಿಂದ ಕೆಳಕ್ಕೆ ಒತ್ತುತ್ತದೆ. ಎತ್ತುವ ಬಲ ಕಡಿಮೆಯಾಗಿ ಎಳೆತ ಹೆಚ್ಚುತ್ತದೆ. ಗಂಟೆಗಟ್ಟಲೆ ಹಾಗೆ ಹಾರಿದರೆ ಇಂಧನ ಅಟ್ಲಾಂಟಿಕ್ ದಾಟುವಷ್ಟು ಬಾಳದು. ಅದಕ್ಕೇ ಕಾಂಕಾರ್ಡ್ ವೇಗ ಹೆಚ್ಚಿಸಿಕೊಳ್ಳುವಾಗ ಸುಮಾರು 20 ಟನ್ ಇಂಧನವನ್ನು ಮುಂದಿನ ಟ್ಯಾಂಕುಗಳಿಂದ ಹಿಂದಕ್ಕೆ ಪಂಪ್ ಮಾಡಿ ತೂಕದ ಕೇಂದ್ರವನ್ನೂ ಹಿಂದಕ್ಕೆ ಒಯ್ಯುತ್ತಿತ್ತು, ನಿಧಾನವಾಗುವಾಗ ಮತ್ತೆ ಮುಂದಕ್ಕೆ ತರುತ್ತಿತ್ತು.

ಹಿಂದಿನ ಅಂಚಿನ ಈ ನಷ್ಟವನ್ನು ಬುಡಸಮೇತ ನೀಗಿಸಿದ್ದು ಕಂಪ್ಯೂಟರ್. ತೂಕದ ಕೇಂದ್ರವನ್ನು ಬೇಕೆಂದೇ ಹಿಂದಿಟ್ಟು ವಿಮಾನವನ್ನು ಅಸ್ಥಿರವಾಗಿ ಕಟ್ಟಿದರೆ ಅದರ ಮೂತಿ ತಾನಾಗಿಯೇ ಮೇಲೇಳಲು ಹವಣಿಸುತ್ತದೆ. ಅದನ್ನು ಹಿಡಿದಿಡಲು ಹಿಂದಿನ ಅಂಚನ್ನು ಕೆಳಕ್ಕೆ ತಿರುಗಿಸಬೇಕು, ಹಾಗೆ ತಿರುಗಿದ ಅಂಚು ಎತ್ತುವ ಬಲಕ್ಕೆ ಬಲ ಸೇರಿಸುತ್ತದೆ. ಕಳೆಯುತ್ತಿದ್ದದ್ದು ಕೂಡುವಂತಾಯಿತು. ಆದರೆ ಇಂಥ ವಿಮಾನವನ್ನು ಯಾವ ಮನುಷ್ಯನೂ ಬರಿಗೈಯಲ್ಲಿ ಹಾರಿಸಲಾರ. ಪ್ರತಿ ಕ್ಷಣ ತಿದ್ದುವ ಕಂಪ್ಯೂಟರ್ ಬೇಕೇ ಬೇಕು. ಫ್ರಾನ್ಸಿನ ಮಿರಾಜ್ 2000 ಈ ದಾರಿಯಲ್ಲಿ 1978ರಲ್ಲಿ ಹಾರಿತು.

ಬೆಂಗಳೂರು ಈ ಕತೆಯೊಳಗೆ ಬರುವುದು ಇಲ್ಲಿ. ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ 1984ರಲ್ಲಿ ಶುರುವಾದದ್ದು ಹಗುರ ಯುದ್ಧವಿಮಾನವೊಂದನ್ನು ಇಲ್ಲೇ ರೂಪಿಸಲು. ಕೋಟ ಹರಿನಾರಾಯಣ ನೇತೃತ್ವದ ತಂಡ ಆರಿಸಿಕೊಂಡದ್ದು ಬಾಲವಿಲ್ಲದ, ಅಸ್ಥಿರ, ಎರಡು ಕೋನಗಳ ಡೆಲ್ಟಾ. ತೇಜಸ್‌ನ ಚಿತ್ರ ಸಿಕ್ಕಿದರೆ ರೆಕ್ಕೆಯ ಮುಂದಿನ ಅಂಚನ್ನು ನೋಡಿ: ಬುಡದಲ್ಲಿ ಕಡಿಮೆ ಬಾಗು, ಹೊರಗೆ ಹೋದಂತೆ ಹೆಚ್ಚು ಬಾಗು. ಡ್ರಾಕೆನ್‌ನಂಥ ಹಳೆಯ ಜೋಡಿ ಡೆಲ್ಟಾಗಳಲ್ಲಿ ಇದು ತಿರುಗುಮುರುಗು. ರೆಕ್ಕೆಯ ಹೊದಿಕೆ ಕಾರ್ಬನ್ ಫೈಬರಿನದು. ಮಾದರಿಗಳ ಪರೀಕ್ಷೆಗೆ ಬೆಂಗಳೂರಿನದೇ ವಿಮಾನ ಸಂಶೋಧನಾ ಸಂಸ್ಥೆಯಾದ ಎನ್‌ಎಎಲ್‌ನಲ್ಲಿ 1967ರಿಂದಲೇ ನಡೆಯುತ್ತಿದ್ದ 1.2 ಮೀಟರಿನ ವಿಂಡ್ ಟನಲ್ ಇತ್ತು. ಹೆಚ್ಚು ಕಷ್ಟವಾದದ್ದು ಅಸ್ಥಿರ ವಿಮಾನವನ್ನು ಹಿಡಿದಿಡುವ ಸಾಫ್ಟ್‌ವೇರ್. ಎನ್‌ಎಎಲ್‌ನಲ್ಲೇ 1992ರಲ್ಲಿ ಅದಕ್ಕಾಗಿ ಒಂದು ರಾಷ್ಟ್ರೀಯ ತಂಡ ಕಟ್ಟಿದರು. ಪರೀಕ್ಷೆಗೆ ಅಮೆರಿಕದ ನೆರವಿತ್ತು. 1998ರ ಪೋಖ್ರಾನ್ ಅಣುಪರೀಕ್ಷೆಯ ನಂತರದ ನಿರ್ಬಂಧಗಳಿಂದ ಅದೂ ನಿಂತಿತು. ಉಳಿದದ್ದನ್ನು ಇಲ್ಲಿನವರೇ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ತೇಜಸ್ ಅನ್ನು ಮೇಲಕ್ಕೊಯ್ದು 18 ನಿಮಿಷ ಹಾರಿಸಿ ಇಳಿಸಿದರು.

ತೇಜಸ್‌ಗೆ ಒಬ್ಬ ನೌಕಾದಳದ ತಮ್ಮನಿದ್ದಾನೆ. ವಿಮಾನವಾಹಕ ಹಡಗಿನ ಮೇಲೆ ಇಳಿಯಲು ಸಿಗುವ ಜಾಗ ಅಂಗೈಯಗಲ. ಹೊರಗೆ ಚೆನ್ನಾಗಿ ಕಾಣಬೇಕು, ವೇಗ ಆದಷ್ಟು ಕಡಿಮೆ ಇರಬೇಕು. ಡೆಲ್ಟಾದ ಹಳೆಯ ಎರಡೂ ತೊಂದರೆಗಳು ಇಲ್ಲಿ ಒಟ್ಟಿಗೆ ಎದುರಾದವು. ಮೂತಿಯನ್ನು ವಿನ್ಯಾಸದಲ್ಲೇ ತುಸು ಕೆಳಕ್ಕೆ ಬಾಗಿಸಿದರು. ರೆಕ್ಕೆಯ ಬುಡದಲ್ಲಿ ಮುಂದಿನ ಅಂಚಿಗೆ ಎರಡು ಚಲಿಸುವ ಪುಟ್ಟ ರೆಕ್ಕೆಗಳನ್ನು ಕೂಡಿಸಿದರು. ಲೆವ್‌ಕಾನ್ ಎಂದು ಅವುಗಳ ಹೆಸರು. ಬುಡದ ಸುಳಿಯನ್ನು ಬೇಕಾದಂತೆ ಬಲಪಡಿಸಿ, ತಗ್ಗಿಸಿ, ಇಳಿಯುವ ವೇಗವನ್ನು ಕಡಿಮೆ ಮಾಡುವುದೇ ಅವುಗಳ ಕೆಲಸ. ಲ್ಯಾಂಗ್ಲಿಯಲ್ಲಿ ಅಂಟಿಸಿದ ಪಟ್ಟಿ ಒಮ್ಮೆ ಕೂರಿಸಿದರೆ ಕೂತಲ್ಲೇ. ಈ ಪುಟ್ಟ ರೆಕ್ಕೆ ಕಂಪ್ಯೂಟರ್ ಹೇಳಿದಂತೆ ಹಾರುತ್ತಲೇ ಕೋನ ಬದಲಿಸುತ್ತದೆ. 2020ರ ಜನವರಿ 11ರಂದು ಈ ವಿಮಾನ ಐಎನ್‌ಎಸ್ ವಿಕ್ರಮಾದಿತ್ಯದ ಅಟ್ಟದ ಮೇಲೆ ಇಳಿದು ತಂತಿಗೆ ಕೊಕ್ಕೆ ಹಾಕಿ ನಿಂತಿತು. ಮರುದಿನ ಅದೇ ಹಡಗಿನಿಂದ ಮೇಲೇರಿ ಹೋಯಿತು.